ಗವಿಯ ಬಾವಲಿಗಳಿಗೆ ಹೊಗೆ ಹಾಕುವ ಮುಂಚೆ

ಚಿಂತಾಮಣಿ ತಾಲ್ಲೂಕಿನ ರೈತರೊಬ್ಬರ ಪ್ರಶ್ನೆ: ನಮ್ಮ ಹೊಲದ ಹಿಂದೆ ಬಂಡೆಗಳ ಗುಡ್ಡ ಇದೆ. ಅಲ್ಲೊಂದು ಗವಿ. ಒಳಗೆ ನೂರರ ಹತ್ತಿರ ಸಣ್ಣ ಬಾವಲಿಗಳು ನೇತಾಡುತ್ತಿವೆ. ಮೂಗಿನ ಮೇಲೆ ಗಾಯ ಆದ ಹಾಗೆ ಮಡಿಕೆ ಮಡಿಕೆ ಚರ್ಮ. ಒಂದೆರಡು ಅರಿಶಿನ ಬಣ್ಣದವೂ ಇವೆ. ರಾತ್ರಿ ನಮ್ಮ ಜಗುಲಿಯ ತೊಲೆಗೂ ಒಂದು ಬಾವಲಿ ಬರುತ್ತದೆ. ಬೆಳಗ್ಗೆ ನೋಡಿದರೆ ಹುಳುಗಳ ರೆಕ್ಕೆ, ಹಿಕ್ಕೆ ಬಿದ್ದಿರುತ್ತವೆ. ಮನೆಯಲ್ಲಿ ಚಿಕ್ಕ ಮಗು ಇದೆ. ನಿಫಾ ಬಂದೀತು ಅಂತ ನಮ್ಮ ಮನೆಯವರಿಗೆ ಭಯ. ಊರಿನ ಹುಡುಗರು ಗವಿಗೆ ಮೆಣಸಿನಕಾಯಿ ಹೊಗೆ ಹಾಕಿ ಓಡಿಸೋಣ ಅಂತಿದ್ದಾರೆ. ಹಾಕಬಹುದಾ? ಇವು ಯಾವ ಜಾತಿ?

ಉತ್ತರ:

ಮೊದಲು ಹುಡುಗರನ್ನು ತಡೆಯಿರಿ. ಮಿಕ್ಕಿದ್ದನ್ನೆಲ್ಲ ಆಮೇಲೆ ಮಾತಾಡೋಣ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಆತಂಕ ಆಗಿದ್ದು ಬಾವಲಿಯಿಂದ ಅಲ್ಲ, ಆ ಮೆಣಸಿನಕಾಯಿಯಿಂದ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಮನೆಯವರ ಭಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ಮಗು ಇರುವ ಮನೆಯಲ್ಲಿ ಆ ಭಯ ಸಹಜ. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಫಾ ಬಂದಾಗ ಸುದ್ದಿಯಲ್ಲೆಲ್ಲ 'ಬಾವಲಿ' ಅನ್ನುವ ಒಂದೇ ಪದ ಓಡಾಡಿತು. ಆ ಬಾವಲಿ ಯಾವುದು ಅಂತ ಹೆಚ್ಚಿನವರು ಕೇಳಲಿಲ್ಲ. ಅದು ಹಣ್ಣು ತಿನ್ನುವ ದೊಡ್ಡ ಬಾವಲಿ. ಆಲ, ಅರಳಿ, ಹುಣಸೆಯಂಥ ದೊಡ್ಡ ಮರಗಳಲ್ಲಿ ಹಗಲೆಲ್ಲ ಬಯಲಲ್ಲೇ ನೇತಾಡುತ್ತದೆ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಜಾಸ್ತಿ. ಮುಖ ನರಿಯ ಮುಖದಂತೆ ನೀಳ. ನಿಮ್ಮ ಗವಿಯಲ್ಲಿ ಇರುವುದು ಅದಲ್ಲ. ಇವು ಹಣ್ಣು ಮುಟ್ಟುವುದಿಲ್ಲ, ಹುಳು ಮಾತ್ರ ತಿನ್ನುತ್ತವೆ. ದೊಡ್ಡ ಬಾವಲಿ ಕಚ್ಚಿದ ಮಾವು, ಸೀಬೆ ತಿನ್ನಬೇಡಿ ಅನ್ನುವ ಮಾತು ಸರಿ. ಅದನ್ನು ಪಾಲಿಸಿ. ಆದರೆ ಅದಕ್ಕೂ ಗವಿಯೊಳಗಿನ ಈ ಹೆಬ್ಬೆರಳು ಗಾತ್ರದ ಜೀವಕ್ಕೂ ನಂಟು ಕಟ್ಟಬೇಡಿ.

ಹಾಗಂತ ಕೈಯಲ್ಲಿ ಹಿಡಿಯಿರಿ ಅಂತ ನಾನು ಹೇಳುವುದಿಲ್ಲ. ಯಾವ ಬಾವಲಿಯನ್ನೂ ಬರಿಗೈಯಲ್ಲಿ ಮುಟ್ಟಬಾರದು. ಮಕ್ಕಳಿಗೆ ಇದನ್ನು ಖಡಾಖಂಡಿತವಾಗಿ ಹೇಳಿ. ಹಿಡಿದರೆ ಅದು ಹೆದರಿ ಕಚ್ಚುತ್ತದೆ. ಅಕಸ್ಮಾತ್ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ನಾಯಿ ಕಚ್ಚಿದಾಗ ಹೋಗುವಂತೆಯೇ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೆಲಕ್ಕೆ ಬಿದ್ದಿರುವ ಬಾವಲಿ ಕಂಡರೆ ದಪ್ಪ ಬಟ್ಟೆಯಲ್ಲಿ ಎತ್ತಿ ಗೋಡೆಗೋ ಮರಕ್ಕೋ ಹತ್ತಿಸಿಬಿಡಿ. ಅದು ತಾನಾಗಿ ಮುಟ್ಟಲು ಬರುವುದಿಲ್ಲ. ಕೂದಲಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದೂ ಸುಳ್ಳು. ಕತ್ತಲಲ್ಲಿ ಪತಂಗದ ರೆಕ್ಕೆಯ ಬಡಿತವನ್ನೇ ಗುರುತಿಸುವ ಪ್ರಾಣಿಗೆ ನಿಮ್ಮ ತಲೆ ಎಲ್ಲಿದೆ ಅಂತ ತಿಳಿಯದೇ ಇರುತ್ತದಾ?

ಈಗ ಜಾತಿಯ ವಿಷಯ. ನೀವು ಗಾಯ ಅಂದುಕೊಂಡಿದ್ದೀರಲ್ಲ, ಆ ಮಡಿಕೆಯೇ ಇವುಗಳ ಗುರುತು. ಅದು ಎಲೆಮೂಗು. ಇವನ್ನು ಎಲೆಮೂಗಿನ ಬಾವಲಿ ಅಂತ ಕರೆಯುತ್ತೇವೆ. ನಮ್ಮ ಕಡೆ ಹಳ್ಳಿಗಳಲ್ಲಿ ಸಣ್ಣ ಬಾವಲಿಗೆಲ್ಲ ಕಣ್ಕಪ್ಪಡಿ ಅಂತಲೋ, ತೆಲುಗು ಮಾತಾಡುವ ಮನೆಗಳಲ್ಲಿ ಗಬ್ಬಿಲಾಯಿ ಅಂತಲೋ ಒಂದೇ ಹೆಸರು. ಆದರೆ ಈ ಎಲೆಮೂಗಿನವುಗಳದ್ದೇ ಒಂದು ದೊಡ್ಡ ಕುಟುಂಬ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾದ ಬೆಚ್ಚಗಿನ ನಾಡುಗಳಲ್ಲಿ ಮಾತ್ರ ಇವೆ. ಎಲ್ಲ ಸೇರಿ 80ಕ್ಕೂ ಹೆಚ್ಚು ಜಾತಿ. ಚಳಿ ದೇಶಗಳಲ್ಲಿ ಇವು ಬದುಕುವುದಿಲ್ಲ. ನಮ್ಮ ಬಯಲುಸೀಮೆಯ ಬಂಡೆ ಗವಿ ಇವಕ್ಕೆ ಹೇಳಿ ಮಾಡಿಸಿದ ಮನೆ. ಹೊರಗೆ ಏಪ್ರಿಲ್ ಬಿಸಿಲಿರಲಿ, ಡಿಸೆಂಬರ್ ಚಳಿಯಿರಲಿ, ಒಳಗಿನ ಬಿಸಿ ಮತ್ತು ತೇವ ಹೆಚ್ಚು ಏರುಪೇರಾಗುವುದಿಲ್ಲ.

ಟಾರ್ಚನ್ನು ನೇರ ಬಿಡದೆ, ಬೆರಳಿನಿಂದ ಮುಚ್ಚಿ ಮಂದ ಮಾಡಿಕೊಂಡು ಒಮ್ಮೆ ನೋಡಿ. ಮೂಗಿನ ಹೊಳ್ಳೆಗಳ ಕೆಳಗೆ, ಸುತ್ತ, ಕುದುರೆಯ ಲಾಳದ ಆಕಾರದ ಚರ್ಮ ಇರುತ್ತದೆ. ಅದರ ಮೇಲೆ ಅಡ್ಡಡ್ಡ ಒಂದು ಮಡಿಕೆ. ಅದರ ಮೇಲಂಚು ದುಂಡಗಿದ್ದರೆ ಎಲೆಮೂಗು. ಹಣೆಯ ಕಡೆಗೆ ಈಟಿಯಂತೆ ಚೂಪಾಗಿ ನಿಂತಿದ್ದರೆ ಅದು ಇನ್ನೊಂದು ಕುಟುಂಬ, ಲಾಳಮೂಗಿನ ಬಾವಲಿ. ಇನ್ನೊಂದು ಗುರುತು ಇದೆ. ಇವು ಜೇನುಹುಳುವಿನ ಹಾಗೆ ಒಂದಕ್ಕೊಂದು ಮೆತ್ತಿಕೊಂಡು ಕೂರುವುದಿಲ್ಲ. ನೂರು ಇದ್ದರೂ ಒಂದೊಂದೂ ಗೇಣಷ್ಟೋ ಅರ್ಧ ಗೇಣಷ್ಟೋ ಬಿಟ್ಟು, ಚಾವಣಿಯಿಂದ ಕಾಲಿನ ಉಗುರಲ್ಲಿ ನೇರ ತೂಗುತ್ತವೆ. ದೂರದಿಂದ ನೋಡಿದರೆ ಬಳ್ಳಿಯಲ್ಲಿ ಬಿಟ್ಟ ಕಾಯಿಗಳ ಹಾಗೆ ಕಾಣುತ್ತವೆ.

ಅರಿಶಿನ ಬಣ್ಣದವು ಬೇರೆ ಜಾತಿಯೇ ಆಗಿರಬೇಕು ಅಂತಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಎಲೆಮೂಗಿನ ಬಾವಲಿಯ ಬಣ್ಣ ಮಂಕು ಬೂದಿಯಿಂದ ಹಿಡಿದು ಮಾಗಿದ ಕಿತ್ತಳೆಯವರೆಗೂ ಬದಲಾಗುತ್ತದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಹಿಪ್ಪೊಸಿಡೆರಸ್ ಫಲ್ವಸ್. ಫಲ್ವಸ್ ಅಂದರೆ ಹಳದಿಗಂದು. ಕಿವಿ ದೊಡ್ಡದು, ಅಗಲ, ತುದಿ ದುಂಡಗೆ. ತೂಕ ಹತ್ತು ಗ್ರಾಂ ಸಹ ಬರುವುದು ಕಷ್ಟ. ನೀವು ಬರೆದ ಬಣ್ಣ, ಗಾತ್ರ ನೋಡಿದರೆ ನಿಮ್ಮ ಗವಿಯಲ್ಲಿ ಇದು ಇರುವ ಸಾಧ್ಯತೆ ಜಾಸ್ತಿ. ಇದರ ಜೊತೆಗೇ ಸ್ವಲ್ಪ ದೊಡ್ಡದಾದ, ಷ್ನೈಡರ್ ಎಲೆಮೂಗಿನ ಬಾವಲಿ ಅನ್ನುವುದೂ ಒಂದೇ ಗವಿಯಲ್ಲಿ ಇರಬಹುದು. ಇವು ಬೆರೆತು ವಾಸ ಮಾಡುವುದು ಮಾಮೂಲು. ಪತ್ರ ನೋಡಿ ಇಷ್ಟೇ ಹೇಳಬಲ್ಲೆ. ಜಾತಿ ಖಚಿತ ಮಾಡಲು ಮುಂಗೈ ಮೂಳೆಯ ಅಳತೆ ಬೇಕು, ಕೂಗಿನ ದಾಖಲೆ ಬೇಕು.

ಈ ಕೂಗಿನ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲಿಸುವುದು ಕಷ್ಟ. ಹೆಚ್ಚಿನ ಹುಳುತಿನ್ನುವ ಬಾವಲಿಗಳು ಬಾಯಿ ತೆರೆದು ಕೂಗುತ್ತವೆ. ಎಲೆಮೂಗಿನವು ಬಾಯಿ ಮುಚ್ಚಿಕೊಂಡು ಮೂಗಿನಿಂದ ಕೂಗುತ್ತವೆ. ಟಾರ್ಚಿನ ಹಿಂದಿನ ಬಟ್ಟಲು ಬೆಳಕನ್ನು ಒಂದೆಡೆ ಕೂಡಿಸುವ ಹಾಗೆ, ಆ ಚರ್ಮದ ಎಲೆ ಸದ್ದನ್ನು ಮುಂದಕ್ಕೆ ಕೂಡಿಸಿ ಕಳಿಸುತ್ತದೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಕೇಳುವುದಿಲ್ಲ. ಇವುಗಳ ಕೂಗು ನೂರರ ಮೇಲೂ ಇರುತ್ತದೆ. ಹಾಗಾಗಿ ಗವಿಯ ಬಾಯಲ್ಲಿ ನಿಂತರೆ ನಮಗೆ ರೆಕ್ಕೆಯ ಗಾಳಿ ಮಾತ್ರ ಗೊತ್ತಾಗುತ್ತದೆ. ಆ ಹೊತ್ತಿಗೆ ಅಲ್ಲಿ ಸಂತೆಯಷ್ಟು ಗದ್ದಲ ಇರುತ್ತದೆ.

ಇವುಗಳ ಕೂಗಿನಲ್ಲಿ ಒಂದು ವಿಶೇಷ ಇದೆ. ಬಹುಪಾಲು ಒಂದೇ ಶ್ರುತಿಯಲ್ಲಿ ಹಿಡಿದು, ಕೊನೆಯಲ್ಲಿ ಸರ್ರನೆ ಕೆಳಗಿಳಿಸುತ್ತವೆ. ಒಂದೇ ಶ್ರುತಿ ಯಾಕೆ? ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ನಿಲ್ಲದೆ ಹೋಗುವ ರೈಲು ಹಾರ್ನ್ ಹಾಕಿಕೊಂಡು ಬರುತ್ತದೆ. ಹತ್ತಿರ ಬರುವಾಗ ಆ ಸದ್ದು ಕೀರಲಾಗಿರುತ್ತದೆ. ನಮ್ಮನ್ನು ದಾಟಿದ ಕೂಡಲೇ ದಪ್ಪವಾಗುತ್ತದೆ. ಹಾರ್ನ್ ಬದಲಾಗಿಲ್ಲ, ರೈಲಿನ ಓಟದಿಂದ ನಮಗೆ ಹಾಗೆ ಕೇಳುತ್ತದೆ. ಪತಂಗ ರೆಕ್ಕೆ ಬಡಿಯುವಾಗಲೂ ಇದೇ ಆಗುತ್ತದೆ. ರೆಕ್ಕೆ ಬಾವಲಿಯ ಕಡೆ ಬಂದಾಗ ಮರುದನಿಯ ಶ್ರುತಿ ಕೂದಲೆಳೆಯಷ್ಟು ಏರುತ್ತದೆ, ಆಚೆ ಹೋದಾಗ ಇಳಿಯುತ್ತದೆ. ಎಲೆ, ಕಡ್ಡಿ, ಬಂಡೆ ಇವುಗಳಿಂದ ಬರುವ ಮರುದನಿಯಲ್ಲಿ ಆ ನಡುಕ ಇರುವುದಿಲ್ಲ. ಬಾವಲಿಯ ಕಿವಿ ತನ್ನ ಆ ಒಂದು ಶ್ರುತಿಗೇ ಬಿಗಿದು ಕಟ್ಟಿದ ತಂತಿಯ ಹಾಗೆ. ಅದಕ್ಕೇ ದಟ್ಟ ಪೊದೆಯ ನಡುವೆ, ಕಗ್ಗತ್ತಲಲ್ಲಿ, ಸಾವಿರ ಎಲೆಗಳ ಮಧ್ಯೆ ಮಿಡಿಯುತ್ತಿರುವ ಒಂದು ರೆಕ್ಕೆಯನ್ನು ಅದು ಆರಿಸಿಕೊಳ್ಳುತ್ತದೆ. ಇಷ್ಟು ವರ್ಷ ಇವುಗಳ ಹಿಂದೆ ತಿರುಗಿದ ಮೇಲೂ, ಬಾವಲಿಯ ಕೂಗನ್ನು ನಮ್ಮ ಕಿವಿಗೆ ಕೇಳುವಂತೆ ಮಾಡುವ ಬ್ಯಾಟ್ ಡಿಟೆಕ್ಟರ್ ಯಂತ್ರ ಹಿಡಿದು ಅದನ್ನು ಕೇಳಿದಾಗ ನನ್ನ ಮೈ ಜುಮ್ಮೆನ್ನುತ್ತದೆ.

ನೂರರಷ್ಟು ಬಾವಲಿ ಇದ್ದರೆ ನಿಮ್ಮ ಹೊಲಕ್ಕೆ ಲಾಭ ಇದೆಯಾ? ಇದೆ. ಇಂಥ ಸಣ್ಣ ಬಾವಲಿ ಒಂದು ರಾತ್ರಿಯಲ್ಲಿ ತನ್ನ ತೂಕದ ಕಾಲು ಭಾಗದಿಂದ ಅರ್ಧದವರೆಗೂ ಹುಳು ತಿನ್ನುತ್ತದೆ. ಪತಂಗ, ಜೀರುಂಡೆ, ಸೊಳ್ಳೆ, ನೊಣ, ಮಳೆ ಬಿದ್ದ ಸಂಜೆ ಏಳುವ ಗೆದ್ದಲಿನ ಈಸಲು, ಎಲ್ಲ. ನಿಮ್ಮ ಟೊಮೆಟೊ ತೋಟದ ಕಾಯಿಕೊರಕ ಹುಳು ರಾತ್ರಿ ಹಾರುವ ಪತಂಗದ ಮರಿಯೇ ಅಲ್ವಾ? ಆದರೆ ಬಾವಲಿ ಇದೆ ಅಂತ ಔಷಧಿ, ಮೋಹಕ ಬಲೆ ಎಲ್ಲ ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ರೇಷ್ಮೆ ಸಾಕುವವರೂ ನನ್ನನ್ನು ಕೇಳುತ್ತಾರೆ, ಊಜಿ ನೊಣವನ್ನು ಬಾವಲಿ ಹಿಡಿಯುತ್ತದಾ ಅಂತ. ಊಜಿ ಹಗಲಿನದು, ಬಾವಲಿ ರಾತ್ರಿಯದು. ಅವೆರಡೂ ಭೇಟಿಯಾಗುವುದು ಅಪರೂಪ. ಇಲ್ಲದ ಗುಣ ಹೇಳಿ ಇವನ್ನು ಉಳಿಸಬೇಕಾಗಿಲ್ಲ. ಇರುವ ಗುಣವೇ ಸಾಕು.

ಜಗುಲಿಯ ತೊಲೆಗೆ ಬರುವುದು ಬಹುಶಃ ಗವಿಯದ್ದಲ್ಲ. ಬಿದ್ದ ಚೂರುಗಳನ್ನು ಕಡ್ಡಿಯಿಂದ ಕೆದಕಿ ನೋಡಿ. ದೊಡ್ಡ ಪತಂಗದ ರೆಕ್ಕೆ, ಮಿಡತೆಯ ಕಾಲು, ಜೊತೆಗೆ ಕಪ್ಪೆಯ ಕಾಲೋ ಹಲ್ಲಿಯ ಬಾಲವೋ ಇದ್ದರೆ ಅದು ಬೇರೆ ಬಾವಲಿ. ಹಣೆಯ ಮೇಲೆ ಕೂಡಿಕೊಂಡ ತುಂಬಾ ದೊಡ್ಡ ಕಿವಿಗಳು ಅದರ ಗುರುತು. ಬೇಟೆಯನ್ನು ತಂದು, ತೊಲೆಗೆ ನೇತುಬಿದ್ದು, ಬೇಡದ ಭಾಗ ಕೆಳಗೆ ಉದುರಿಸಿ ತಿನ್ನುವುದು ಅದರ ಅಭ್ಯಾಸ. ಅದು ರಕ್ತ ಹೀರುತ್ತದೆ ಅಂತ ಕೆಲವರು ಹೆದರಿಸುತ್ತಾರೆ, ನಂಬಬೇಡಿ. ರಕ್ತ ಕುಡಿಯುವ ಬಾವಲಿಗಳು ಜಗತ್ತಿನಲ್ಲಿ ಮೂರೇ ಜಾತಿ. ಮೂರೂ ಇರುವುದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ. ನಮ್ಮ ದೇಶದಲ್ಲಿ ಒಂದೂ ಇಲ್ಲ.

ಜಗುಲಿಗೆ ಬರುವುದು ಬೇಡ ಅನ್ನಿಸಿದರೆ ಅದನ್ನು ಹೊಡೆಯುವುದು, ಹೊಗೆ ಹಾಕುವುದು ಬೇಡ. ಅದು ನೇತುಬೀಳುವ ಜಾಗ ಗೊತ್ತಿದೆಯಲ್ಲ, ಅಲ್ಲಿಗೆ ಹಳೆ ಸೀರೆಯ ಪಟ್ಟಿಗಳನ್ನು ಗಾಳಿಗೆ ಅಲ್ಲಾಡುವಂತೆ ಇಳಿಬಿಡಿ. ಕೆಲವು ದಿನದಲ್ಲಿ ಬೇರೆ ಜಾಗ ನೋಡಿಕೊಳ್ಳುತ್ತದೆ. ಹಿಕ್ಕೆಯನ್ನು ಒಣಗಿದ್ದಾಗ ಪೊರಕೆಯಿಂದ ಗುಡಿಸಬೇಡಿ. ಧೂಳು ಎದ್ದು ಮೂಗಿಗೆ ಹೋಗುತ್ತದೆ. ಹಿಕ್ಕೆ ಬಿದ್ದ ಕಡೆ ಬೆಳೆಯುವ ಒಂದು ಬೂಷ್ಟಿನಿಂದ ಶ್ವಾಸಕೋಶದ ಕಾಯಿಲೆ ಬರಬಹುದು. ಮೊದಲು ನೀರು ಚಿಮುಕಿಸಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ. ಮಗು ಆಡುವ ಜಾಗವನ್ನು ಅಲ್ಲಿಂದ ಬದಲಾಯಿಸಿ. ಇಷ್ಟು ಸಾಕು.

ಇನ್ನು ಹೊಗೆಯ ವಿಷಯ. ನಾನು ಈ ಸೀಮೆಯ ಗುಡ್ಡಗಳಲ್ಲಿ ತಿರುಗುವಾಗ ಹೊಗೆ ಹಾಕಿದ ಗವಿಯೊಂದನ್ನು ನೋಡಿದ್ದೇನೆ. ಊರಿನ ಹೆಸರು ಬೇಡ. ಮೂರು ದಿನದ ಹಿಂದೆ ಹಾಕಿದ್ದರು. ಚಾವಣಿ ಮಸಿ ಹಿಡಿದಿತ್ತು, ಒಂದೂ ಬಾವಲಿ ಇರಲಿಲ್ಲ. ನೆಲದಲ್ಲಿ ಮರಿಗಳಿದ್ದವು. ರೋಮ ಕೂಡ ಸರಿಯಾಗಿ ಬಂದಿರಲಿಲ್ಲ. ಅಂದು ನಾನು ಎಣಿಸಲು ಹೋಗಿ ಎಣಿಸದೆ ಹೊರಗೆ ಬಂದೆ.

ಎಲೆಮೂಗಿನ ಬಾವಲಿ ಇಲಿಯ ಹಾಗೆ ಹತ್ತಾರು ಮರಿ ಹಾಕುವುದಿಲ್ಲ. ಒಂದು ಬಾರಿಗೆ ಒಂದೇ ಮರಿ. ಆ ಮರಿಗೆ ಹಾರಲು ಬರುವವರೆಗೆ ತಾಯಿಯೇ ಎಲ್ಲ. ತಾಯಿಯ ಎದೆಯಲ್ಲಿ ಹಾಲಿನ ಮೊಲೆ ಎರಡಿರುತ್ತವೆ. ಅವಲ್ಲದೆ ಕಿಬ್ಬೊಟ್ಟೆಯ ಕೆಳಗೆ ಹಾಲಿಲ್ಲದ ಎರಡು ಮೊಲೆತೊಟ್ಟುಗಳೂ ಇರುತ್ತವೆ. ಅವು ಇರುವುದೇ ಮರಿ ಬಾಯಲ್ಲಿ ಕಚ್ಚಿ ಹಿಡಿದುಕೊಳ್ಳಲು. ತಾಯಿ ತಲೆಕೆಳಗಾಗಿ ತೂಗುವಾಗ ಮರಿ ತಲೆ ಮೇಲಾಗಿ ಅವಳ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಸ್ವಲ್ಪ ಬಲಿತ ಮರಿಯನ್ನು ತಾಯಿ ಗವಿಯಲ್ಲೇ ನೇತುಹಾಕಿ ಮೇವಿಗೆ ಹೋಗುತ್ತದೆ. ಹೊಗೆ ನುಗ್ಗಿದಾಗ ದೊಡ್ಡವು ಹೇಗೋ ಹಾರಿಬಿಡುತ್ತವೆ, ಮರಿಗಳು ಬೀಳುತ್ತವೆ. ಹಗಲು ಹೊರಗೆ ಬಿದ್ದ ದೊಡ್ಡವನ್ನೂ ಕಾಗೆ, ಹದ್ದು ಬಿಡುವುದಿಲ್ಲ. ಆ ಗವಿ ಮತ್ತೆ ತುಂಬಲು ವರ್ಷಗಳು ಬೇಕು, ಎಷ್ಟೋ ಸಲ ತುಂಬುವುದೇ ಇಲ್ಲ.

ಗುಂಪು ಚದುರಿದರೆ ಇನ್ನೂ ಒಂದು ನಷ್ಟ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗವಿಯ ಒಳಮೂಲೆಯಲ್ಲಿ ಹಗಲೂ ರಾತ್ರಿಯೂ ಒಂದೇ ಕತ್ತಲು. ಹೊರಗೆ ಸಂಜೆಯಾಯಿತು ಅಂತ ಅಲ್ಲಿರುವ ಬಾವಲಿಗೆ ತಿಳಿಯುವುದು ಹೇಗೆ? ಮದುರೈನಲ್ಲಿ ಎಂ. ಕೆ. ಚಂದ್ರಶೇಖರನ್ ಮತ್ತು ಜಿ. ಮಾರಿಮುತ್ತು ತಮ್ಮ ಸಂಗಡಿಗರ ಜೊತೆ ಇದನ್ನೇ ಹುಡುಕಿದರು, ಅದೂ ಷ್ನೈಡರ್ ಎಲೆಮೂಗಿನ ಬಾವಲಿಯ ಮೇಲೆ. 1981ರಲ್ಲಿ ಅದರ ಫಲ ಪ್ರಕಟವಾಯಿತು. ಕತ್ತಲ ಗವಿಯಲ್ಲಿ ಒಂಟಿಯಾಗಿ ಇಟ್ಟ ಬಾವಲಿಯ ಒಳಗಿನ ಗಡಿಯಾರ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಯಿತು. ಉಳಿದವು ದಿನಾ ಹೋಗಿ ಬರುವ ಗವಿಯಲ್ಲಿ ಇಟ್ಟಾಗ, ಅದು ಬೆಳಕನ್ನೇ ನೋಡದಿದ್ದರೂ ಗಡಿಯಾರ ಸರಿಯಾಗಿ ನಡೆಯಿತು. ಅಂದರೆ ಜೊತೆಗಾರರ ಓಡಾಟವೇ ಅದಕ್ಕೆ ಹೊತ್ತು ತಿಳಿಸುತ್ತಿತ್ತು. ನೂರು ಬಾವಲಿಯ ಗವಿಯಲ್ಲಿ ಒಂದರ ಬದುಕು ಇನ್ನೊಂದಕ್ಕೆ ಹೀಗೆ ಹೆಣೆದುಕೊಂಡಿರುತ್ತದೆ.

ನೀವು ಇರುವ ಜಾಗದ ಬಗ್ಗೆಯೂ ಹೇಳಲೇಬೇಕು. ನಿಮ್ಮ ಪಕ್ಕದ ಕೋಲಾರ ಜಿಲ್ಲೆಯ ಹೆಸರನ್ನೇ ಹೊತ್ತ ಒಂದು ಎಲೆಮೂಗಿನ ಬಾವಲಿ ಇದೆ. ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ ಅನ್ನುವ ಇಬ್ಬರು 1994ರಲ್ಲಿ ಅದನ್ನು ಹೊಸ ಜಾತಿ ಅಂತ ಜಗತ್ತಿಗೆ ತಿಳಿಸಿದರು. ಹಿಪ್ಪೊಸಿಡೆರಸ್ ಹೈಪೊಫಿಲಸ್ ಅಂತ ಹೆಸರಿಟ್ಟರು. ತೇರಹಳ್ಳಿಯ ಗವಿಯಲ್ಲೂ ಹನುಮನಹಳ್ಳಿಯ ಗವಿಯಲ್ಲೂ ಅದು ಸಿಕ್ಕಿತ್ತು. ಆಮೇಲೆ ತೇರಹಳ್ಳಿಯಲ್ಲಿ ಹುಡುಕಿದವರಿಗೆ ಕಾಣಲಿಲ್ಲ. ಈಗ ಇಡೀ ಭೂಮಿಯ ಮೇಲೆ ಅದು ಇರುವುದು ಗೊತ್ತಾಗಿರುವ ಜಾಗ ಹನುಮನಹಳ್ಳಿಯೊಂದೇ. ಎಣಿಕೆ ಇನ್ನೂರನ್ನೂ ಮುಟ್ಟುವುದಿಲ್ಲ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ಅತಿ ಹೆಚ್ಚು ಅಪಾಯದಲ್ಲಿರುವವುಗಳ ಸಾಲಿಗೆ ಸೇರಿಸಿದ್ದಾರೆ. ನಾವು ಚಿನ್ನದ ಗಣಿಗೆ ಹೆಸರಾದ ಜಿಲ್ಲೆ ಅಂತ ಹೇಳಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಆ ಗವಿಯಲ್ಲಿ ತೂಗುತ್ತಿರುವ ಹತ್ತು ಗ್ರಾಮಿನ ಜೀವಗಳು ಚಿನ್ನಕ್ಕಿಂತ ದೊಡ್ಡ ಆಸ್ತಿ.

ಅದೇ ಹನುಮನಹಳ್ಳಿಯಲ್ಲಿ ದುರ್ಗಾದಾಸ್ ಎಲೆಮೂಗಿನ ಬಾವಲಿಯೂ ಇದೆ. ಇದನ್ನು 1970ರಲ್ಲಿ ಮಧ್ಯಪ್ರದೇಶದ ಜಬಲ್‌ಪುರದ ಕಡೆಯಿಂದ ಮೊದಲು ವಿವರಿಸಿದ್ದು. ಅಷ್ಟು ದೂರದ ಬಾವಲಿ ಕೋಲಾರದ ಬಂಡೆಯ ಸಂದಿಯಲ್ಲಿ! ಎರಡರ ಕೂಗನ್ನೂ ದಾಖಲಿಸಿದ್ದಾರೆ. ಕೋಲಾರದ ಬಾವಲಿಯ ಶ್ರುತಿ ನೂರು ಕಿಲೋಹರ್ಟ್ಸ್‌ಗಿಂತ ತುಸು ಮೇಲೆ, ದುರ್ಗಾದಾಸ್‌ದು 170ರ ಆಸುಪಾಸು. ಒಂದೇ ಚಾವಣಿಯ ಕೆಳಗೆ ಇದ್ದರೂ ಇಬ್ಬರ ಶ್ರುತಿ ಬೇರೆ.

ಈ ಗವಿಗಳಿಗೆ ದೊಡ್ಡ ಏಟು ಹೊಗೆಯಿಂದ ಬಿದ್ದದ್ದಲ್ಲ, ಕಲ್ಲು ಕೀಳುವುದರಿಂದ. ನಮ್ಮ ಗವಿಗಳು ಸುಣ್ಣಕಲ್ಲಿನ ಉದ್ದ ಸುರಂಗಗಳಲ್ಲ. ದೊಡ್ಡ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಒರಗಿ ನಡುವೆ ಆದ ಸಂದುಗಳು. ಒಂದು ಗುಂಡು ತೆಗೆದರೆ ಬೆಳಕು, ಗಾಳಿ ಒಳಗೆ ನುಗ್ಗುತ್ತದೆ. ಆಮೇಲೆ ಬಂಡೆ ನಿಂತಿದ್ದರೂ ಅದು ಬಾವಲಿಗೆ ಮನೆಯಲ್ಲ. ಬಂಡೆ ಸೀಳಲು ಬೆಂಕಿ ಹಾಕುವ ಅಭ್ಯಾಸವೂ ನಮ್ಮಲ್ಲಿ ಇದೆ. ಹನುಮನಹಳ್ಳಿಯ ಗುಡ್ಡವನ್ನು ಉಳಿಸಲು ಅರಣ್ಯ ಇಲಾಖೆ ಮತ್ತು ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಸೇರಿ ಕೆಲಸ ಮಾಡುತ್ತಿವೆ. ಆದರೆ ಗವಿ ಇರುವ ಗುಡ್ಡಗಳು ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಎಷ್ಟೋ ಇವೆ, ಹೆಚ್ಚಿನವನ್ನು ಯಾರೂ ಒಳಹೊಕ್ಕು ನೋಡಿಲ್ಲ.

ಅದಕ್ಕೇ ನಿಮ್ಮ ಪತ್ರ ನನಗೆ ಮುಖ್ಯ. ನಿಮ್ಮ ಗವಿಯಲ್ಲಿ ಕೋಲಾರದ ಬಾವಲಿಯೇ ಇದೆ ಅಂತ ನಾನು ಆಸೆ ಹುಟ್ಟಿಸುತ್ತಿಲ್ಲ. ಹೆಚ್ಚಾಗಿ ಸಾಮಾನ್ಯ ಜಾತಿಯೇ ಇರುತ್ತದೆ. ಆದರೆ ಸಣ್ಣ ಎಲೆಮೂಗಿನ ಬಾವಲಿಗಳು ಬರಿಗಣ್ಣಿಗೆ ಎಲ್ಲ ಒಂದೇ ಥರ. ನೋಡದೆ ಹೊಗೆ ಹಾಕಿದರೆ ಏನನ್ನು ಓಡಿಸಿದೆವು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಹುಡುಗರಿಗೆ ಬರೀ ಬೇಡ ಅಂದರೆ ಅವರು ಕೇಳುವುದಿಲ್ಲ. ಅವರಿಗೆ ಒಂದು ಕೆಲಸ ಕೊಡಿ. ಮೋಡ ಇಲ್ಲದ ಒಂದು ದಿನ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಗವಿಯಿಂದ ಹತ್ತು ಹದಿನೈದು ಅಡಿ ದೂರ, ಬಾಯಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕೂರಲಿ. ಒಳಗೆ ಕಾಲಿಡುವುದು ಬೇಡ. ಬೀಡಿ, ಟಾರ್ಚ್, ಮೊಬೈಲಿನ ಫ್ಲ್ಯಾಶ್ ಬೇಡ. ಮೊದಮೊದಲು ಕೆಲವು ಬಾವಲಿಗಳು ಬಾಯಿಯವರೆಗೆ ಬಂದು, ಬೆಳಕು ಇನ್ನೂ ಇದೆ ಅಂತ ನೋಡಿ ಒಳಗೆ ತಿರುಗಿಹೋಗುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿದು ಮೋಸ ಹೋಗಬಾರದು. ಒಬ್ಬ ಹೊರಗೆ ಬಂದವನ್ನು ಎಣಿಸಲಿ, ಇನ್ನೊಬ್ಬ ಒಳಗೆ ಹೋದವನ್ನು ಎಣಿಸಲಿ. ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೂರು ಸಂಜೆ ಹೀಗೆ ಮಾಡಿ, ತಾರೀಕು, ಹೊತ್ತು, ಸಂಖ್ಯೆ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಹಾಳೆಯ ಫೋಟೋ ನನಗೆ ಕಳಿಸಿ. ಡಿಟೆಕ್ಟರ್ ತೆಗೆದುಕೊಂಡು ನಾನೇ ಬರುತ್ತೇನೆ.